ಹೊರಗೆ ನಿಂತವನು

ಕುವೈತಿನ ಜುಲೈ ತಿಂಗಳನ್ನು ಊರಿನವರಿಗೆ ವಿವರಿಸುವುದು ಕಷ್ಟ. ತಣ್ಣೀರಿನ ನಲ್ಲಿಯಲ್ಲಿ ಕೈ ಸುಡುವ ನೀರು ಬರುತ್ತದೆ, ಹಾಗಾಗಿ ಗೀಸರ್ ಆರಿಸಿ ಅದರೊಳಗೆ ತಣಿದ ನೀರಿನಲ್ಲಿ ಸ್ನಾನ ಮಾಡುತ್ತೇವೆ ಎಂದರೆ ನನ್ನ ಅತ್ತೆ ಇವತ್ತಿಗೂ ನಂಬುವುದಿಲ್ಲ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾ ಎಂಬಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾದದ್ದನ್ನು ವಿಶ್ವ ಹವಾಮಾನ ಸಂಸ್ಥೆಯೇ ಒಪ್ಪಿಕೊಂಡಿದೆ. ಅಂಥ ದಿನಗಳಲ್ಲೇ ಶಾಲೆಗಳಿಗೆ ದೊಡ್ಡ ರಜೆ. ವಿಮಾನದ ಟಿಕೆಟಿನ ಬೆಲೆಯೂ ಆಗಲೇ ಏರುವುದರಿಂದ ಪ್ರತಿ ವರ್ಷ ಊರಿಗೆ ಹೋಗುವುದು ಎಲ್ಲರ ಕೈಯಲ್ಲಿ ಆಗುವ ಮಾತಲ್ಲ. ಸಾಲ್ಮಿಯಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇಬ್ಬರು ಗಂಡುಮಕ್ಕಳು. ನಾನು ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗಬೇಕು. ಈ ಸಂಕಟದಲ್ಲಿ ನಮ್ಮ ಮನೆಗೆ ವಿಡಿಯೋ ಗೇಮ್ ಬಂತು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಚರ್ಚೆ ಮಾಡಲು ನಮ್ಮಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

2010ರಲ್ಲಿ ಇವರ ಗೆಳೆಯರೊಬ್ಬರು ಕೆಲಸ ಬಿಟ್ಟು ಕಾಯಂ ಆಗಿ ಊರಿಗೆ ಹೊರಟರು. ಗಲ್ಫಿನಲ್ಲಿ ಹಾಗೆ ಹೊರಡುವವರ ಮನೆ ಒಂದು ವಾರದಲ್ಲಿ ಹಂಚಿಹೋಗುತ್ತದೆ: ವಾಷಿಂಗ್ ಮೆಷಿನ್ ಒಬ್ಬರಿಗೆ, ತುಳಸಿಯ ಕುಂಡ ಇನ್ನೊಬ್ಬರಿಗೆ, ಅರ್ಧ ಮುಗಿದ ಕುಚ್ಚಲಕ್ಕಿ ಚೀಲ ಮತ್ತೊಬ್ಬರಿಗೆ. ನಮ್ಮ ಪಾಲಿಗೆ ಬಂದದ್ದು ಒಂದು ಪ್ಲೇಸ್ಟೇಷನ್ 2, ಎರಡು ಕಂಟ್ರೋಲರ್, ನಾಲ್ಕಾರು ಡಿಸ್ಕ್. ಆಗ ದೊಡ್ಡವನಿಗೆ ಎಂಟು, ಸಣ್ಣವನಿಗೆ ಐದು. ಡಿಸ್ಕುಗಳಲ್ಲಿ ಉಳಿದವು ಗೀರು ಬಿದ್ದೋ ಬೇಸರ ಬಂದೋ ಮೂಲೆ ಸೇರಿದವು. ಉಳಿದದ್ದು ಒಂದೇ, ಟೆಕ್ಕೆನ್ ಟ್ಯಾಗ್ ಟೂರ್ನಮೆಂಟ್. ಜಪಾನಿನ ನಾಮ್ಕೋ ಕಂಪೆನಿ ಅದನ್ನು 1999ರಲ್ಲಿ ಆರ್ಕೇಡ್ ಅಂಗಡಿಗಳಿಗೆ, ಮರುವರ್ಷ ಪ್ಲೇಸ್ಟೇಷನ್ 2ಕ್ಕೆ ತಂದಿತ್ತು. ನಮ್ಮ ಕೈಗೆ ಬರುವಾಗ ಅದು ಹಳೆಯ ಆಟ. ಹವಲ್ಲಿಯ ರಿಹಾಬ್ ಕಾಂಪ್ಲೆಕ್ಸಿನಲ್ಲಿ ಸಾಲುಸಾಲಾಗಿ ಗೇಮಿನ ಅಂಗಡಿಗಳಿವೆ. ಅಲ್ಲಿಗೆ ಹೋದಾಗಲೆಲ್ಲ ಮಕ್ಕಳು ಹೊಸದನ್ನು ನೋಡಿ ಬಾಯಿಬಿಟ್ಟು ನಿಲ್ಲುವರು, ಮನೆಗೆ ಬಂದು ಹಳೆಯದನ್ನೇ ಹಾಕುವರು. ಹೊಸದರ ಬೆಲೆ ದಿನಾರಿನಲ್ಲಿ ಕೇಳಿ ರೂಪಾಯಿಗೆ ಗುಣಿಸುವ ಚಾಳಿ ನಮ್ಮಿಬ್ಬರದ್ದೂ ಆಗ ಇನ್ನೂ ಹೋಗಿರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ಟೆಕ್ಕೆನ್ನಿನಲ್ಲಿ ನಾಲ್ಕು ಗುಂಡಿಗಳು ನಾಲ್ಕು ಅಂಗಗಳು: ಎಡಗೈ, ಬಲಗೈ, ಎಡಗಾಲು, ಬಲಗಾಲು. ಮೂವತ್ತಕ್ಕೂ ಹೆಚ್ಚು ಜಟ್ಟಿಗಳಿದ್ದಾರೆ, ಒಬ್ಬೊಬ್ಬರದ್ದು ಒಂದೊಂದು ವಿದ್ಯೆ. ಹ್ವೊರಾಂಗ್ ಎಂಬ ಹುಡುಗನದ್ದು ಕೊರಿಯಾದ ಟೇಕ್ವಾಂಡೋ, ಎಲ್ಲವೂ ಕಾಲಿನ ಕೆಲಸ. ಲಾ ಎಂಬವನನ್ನು ನೋಡಿದರೆ ಬ್ರೂಸ್ ಲೀ ನೆನಪಾಗದೆ ಇರುವುದಿಲ್ಲ. ಪಾಲ್ ಎಂಬವನದ್ದು ಜೂಡೋ, ಗನ್ರ್ಯೂ ಎಂಬ ದಡೂತಿಯದ್ದು ಸುಮೋ, ಎಡ್ಡಿಯದ್ದು ಬ್ರೆಜಿಲಿನ ಕಪೊಯೆರಾ. ಕುಮಾ ಎಂಬ ಕರಡಿಯೂ ಇದೆ. ಕಿಂಗ್ ಎಂಬವನು ಮೆಕ್ಸಿಕೋದ ಕುಸ್ತಿಪಟು, ಮುಖಕ್ಕೆ ಚಿರತೆಯ ಮುಖವಾಡ. ಹಿಡಿದ ಎದುರಾಳಿಯನ್ನು ಬಿಡದೆ ಒಂದರ ಮೇಲೊಂದು ಪಟ್ಟು ಹಾಕುವವನು. ನಮ್ಮ ಮನೆಯಲ್ಲಿ ಅವನ ಹೆಸರು ಮೊದಲ ದಿನವೇ ಬದಲಾಯಿತು. ಉಡುಪಿಯ ಅಷ್ಟಮಿ, ಮಂಗಳೂರಿನ ದಸರಾ ನೋಡಿದ ಯಾರಿಗೂ ಅವನು ಹುಲಿವೇಷವಲ್ಲದೆ ಬೇರೆ ಕಾಣಲಾರ. 'ಪಿಲಿ' ಎಂದೇ ಕರೆದೆವು. ಅದು ಹುಲಿಯಲ್ಲ, ಜಾಗ್ವಾರ್ ಎಂದು ದೊಡ್ಡವ ಎಷ್ಟೋ ಸಲ ತಿದ್ದಿದ. ಯಾರೂ ಕೇಳಲಿಲ್ಲ.

ಟ್ಯಾಗ್ ಆಟದ ವಿಶೇಷವೆಂದರೆ ಒಬ್ಬನನ್ನು ಆರಿಸಿದರೆ ಸಾಲದು, ಇಬ್ಬರನ್ನು ಆರಿಸಬೇಕು. ಒಬ್ಬ ಒಳಗೆ ಹೊಡೆದಾಡುವಾಗ ಇನ್ನೊಬ್ಬ ಹೊರಗೆ. ಒಂದು ಗುಂಡಿ ಒತ್ತಿದರೆ ಅದಲುಬದಲು. ಹೊರಗಿರುವವನು ಕಳೆದುಕೊಂಡ ಶಕ್ತಿ ನಿಧಾನವಾಗಿ ವಾಪಸು ಬರುತ್ತದೆ; ಪೂರ್ತಿ ಬರುವುದಿಲ್ಲ, ಒಂದು ಪಾಲು ಮಾತ್ರ. ಆದರೆ ಇಬ್ಬರಲ್ಲಿ ಯಾರೊಬ್ಬ ಬಿದ್ದರೂ ಆ ಸುತ್ತು ಸೋತ ಹಾಗೆ. ಒಬ್ಬ ಸತ್ತರೂ ಇನ್ನೊಬ್ಬ ಇದ್ದಾನಲ್ಲ ಎನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹೊರಗಿನವನ ಶಕ್ತಿ ತುಂಬಿ ತುಳುಕುತ್ತಿರುವಾಗಲೇ ಒಳಗಿನವನು ಬಿದ್ದು ಆಟ ಮುಗಿದದ್ದನ್ನು ನಾನು ನೂರಾರು ಸಲ ನೋಡಿದ್ದೇನೆ.

ಮೊದಲ ಎರಡು ವರ್ಷ ಇಬ್ಬರೂ ತಮ್ಮ ತಮ್ಮ ಸ್ವಭಾವದ ಇಬ್ಬಿಬ್ಬರನ್ನೇ ಆರಿಸುತ್ತಿದ್ದರು. ದೊಡ್ಡವ ಹುಟ್ಟಿನಿಂದಲೇ ಅವಸರದವ, ಊಟಕ್ಕೆ ಕೂತರೆ ಅರ್ಧ ತಟ್ಟೆ ನೆಲದ ಮೇಲೆ. ಅವನಿಗೆ ಹ್ವೊರಾಂಗ್ ಮತ್ತು ಲಾ. ಒಬ್ಬ ಒದೆಯುತ್ತಾ ಬರುವವ, ಇನ್ನೊಬ್ಬ ಗುದ್ದುತ್ತಾ ಬರುವವ. ಸಣ್ಣವ ನಿಧಾನಿ. ಅವನಿಗೆ ಪಿಲಿ ಮತ್ತು ಗನ್ ಜ್ಯಾಕ್ ಎಂಬ ಯಂತ್ರಮಾನವ, ಇಬ್ಬರೂ ಬೆಟ್ಟದ ಹಾಗೆ ನಿಂತು ಕಾಯುವವರು. ದೊಡ್ಡವ ಗೆದ್ದರೆ ಇಪ್ಪತ್ತು ಸೆಕೆಂಡಿನಲ್ಲಿ ಗೆಲ್ಲುತ್ತಿದ್ದ. ಆದರೆ ಸಾಲುಹೊಡೆತದ ಕೊನೆಯ ಪೆಟ್ಟನ್ನು ಯಾರಾದರೂ ತಡೆದುಬಿಟ್ಟರೆ ಹೊಡೆಯುವವ ಅರೆಕ್ಷಣ ಬರಿಗೈಯಲ್ಲಿ ನಿಂತಿರುತ್ತಾನೆ. ಒಬ್ಬ ಸಿಕ್ಕಿಬಿದ್ದನೆಂದು ಇನ್ನೊಬ್ಬನನ್ನು ಕರೆದರೆ ಅವನಿಗೂ ಅದೇ ದೋಷ. ಸಣ್ಣವನ ಇಬ್ಬರು ದೈತ್ಯರಿಗೂ ಹಾಗೆಯೇ ಒಂದೇ ರೋಗ: ಯಾರಾದರೂ ದೂರದಿಂದಲೇ ಸತಾಯಿಸಿದರೆ ಅಟ್ಟಿಸಿಕೊಂಡು ಹೋಗಿ ಹಿಡಿಯಲಾರರು.

ಇದನ್ನು ಮೊದಲು ಕಂಡುಕೊಂಡವನು ಸಣ್ಣವ. ಆಗ ಅವನಿಗೆ ಏಳೋ ಎಂಟೋ. ನಾನು ಪಾಳಿ ಮುಗಿಸಿ ಬಂದು ಚಪ್ಪಲಿ ಕಳಚುತ್ತಿದ್ದೆ. ಓಡಿಬಂದು, "ಅಮ್ಮಾ, ಪಿಲಿಯನ್ನು ಕಂಡರೆ ಅಣ್ಣ ಕೂತುಕೊಳ್ತಾನೆ" ಎಂದ. ಮಲಗಿದ ಮೇಲೆ ಅದು ಅರ್ಥವಾಯಿತು. ಆಟದಲ್ಲಿ ನಿಂತು ತಡೆದರೆ ಮೇಲಿನ ಪೆಟ್ಟು, ನಡುವಿನ ಪೆಟ್ಟು ತಾಗುವುದಿಲ್ಲ. ಆದರೆ ಹಿಡಿದು ಎಸೆಯುವವನ ಕೈಗೆ ಸಿಗುತ್ತೀರಿ. ಬಗ್ಗಿ ಕುಳಿತರೆ ಹಿಡಿಯುವವನಿಂದ ತಪ್ಪಿಸಿಕೊಳ್ಳಬಹುದು. ಆದರೆ ನಡುವಿನ ಪೆಟ್ಟು ಸರಿಯಾಗಿ ಬೀಳುತ್ತದೆ. ಪಿಲಿಯ ಹಿಡಿತಕ್ಕೆ ಹೆದರಿ ದೊಡ್ಡವ ಕುಳಿತುಕೊಳ್ಳಲು ಕಲಿತಿದ್ದ. ಪಿಲಿಯನ್ನು ಹೊರಗೆ ಕಳಿಸಿ, ನಡುವಿನ ಪೆಟ್ಟಿನಲ್ಲಿ ಗಟ್ಟಿಗನಾದವನೊಬ್ಬನನ್ನು ಒಳಗೆ ತಂದರೂ ಆ ಹೆದರಿಕೆ ಒಂದೆರಡು ಕ್ಷಣ ಅಲ್ಲೇ ಉಳಿದಿರುತ್ತಿತ್ತು. ಅಷ್ಟು ಸಾಕು. ಪಾಲ್ ಬಂದು ಕೆಳಗಿನಿಂದ ಗುದ್ದಿ ಗಾಳಿಗೆ ಎತ್ತುತ್ತಿದ್ದ. ಹೊರಗೆ ನಿಂತವನು ಅಲ್ಲಿಂದಲೇ ಕೆಲಸ ಮಾಡುತ್ತಿದ್ದ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಆಟಕ್ಕಿಂತ ಆಯ್ಕೆಯೇ ದೊಡ್ಡ ಮಾತಾಯಿತು. ಶಾಲೆಯ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಜೋಡಿಗಳ ಪಟ್ಟಿ. ಯಾರು ಗಾಳಿಗೆ ಎತ್ತಿದರೆ ಯಾರು ಓಡಿಬಂದು ನೆಲ ಮುಟ್ಟುವ ಮೊದಲೇ ಮತ್ತೆ ಹೊಡೆಯಬಲ್ಲ; ಯಾರು ಹತ್ತಿರ, ಯಾರು ದೂರ; ಯಾರಿಗೆ ಪೆಟ್ಟು ತಡೆಯುವ ತಾಳ್ಮೆ. ಜೊತೆಗಾರರ ನಡುವಿನ ಸಂಬಂಧವೂ ಲೆಕ್ಕಕ್ಕೆ ಬರುತ್ತದೆ ಎಂದು ದೊಡ್ಡವ ಎಲ್ಲಿಂದಲೋ ತಿಳಿದು ಬಂದ. ಒಳಗಿನವನು ಪೆಟ್ಟು ತಿನ್ನುತ್ತಾ ಹೋದಂತೆ ಹೊರಗಿನವನ ಪಟ್ಟಿ ಮಿನುಗಲು ಶುರುವಾಗುತ್ತದೆ, ಆಗ ಅವನನ್ನು ಕರೆದರೆ ಸ್ವಲ್ಪ ಹೊತ್ತು ಅವನ ಹೊಡೆತಕ್ಕೆ ಬಲ ಹೆಚ್ಚು. ಸ್ನೇಹವಿದ್ದವನಿಗೆ ಬೇಗ ರೋಷ ಬರುತ್ತದೆ, ಆಗದವನ ಪಟ್ಟಿ ಸುಮ್ಮನೆ ಇರುತ್ತದೆ. ಟೆಕ್ಕೆನ್ನಿನ ಕತೆಯಲ್ಲಿ ಮಿಶಿಮಾ ಎಂಬ ಮನೆತನವಿದೆ; ಅಪ್ಪ ಮಗನನ್ನು ಕಣಿವೆಗೆ ಎಸೆಯುತ್ತಾನೆ, ಮಗ ಬದುಕಿ ಬಂದು ಅಪ್ಪನನ್ನು ಎಸೆಯುತ್ತಾನೆ. ಅವರ ವಿದ್ಯೆ ಒಂದೇ. ಅಂಥವರನ್ನು ಜೋಡಿ ಮಾಡುವುದು ಪ್ರಯೋಜನವಿಲ್ಲದ ಕೆಲಸ ಎಂದು ಮಕ್ಕಳು ನಿರ್ಧರಿಸಿದ್ದರು. ಊರಿನ ಪಾಲುಪಟ್ಟಿಯ ಜಗಳಗಳನ್ನು ಫೋನಿನಲ್ಲಿ ಕೇಳಿ ಕೇಳಿ ದಣಿದ ನಮಗೂ ಅದು ಸರಿಯೆನಿಸಿತು.

ಇವರು ಮಾತ್ರ ಈ ಶಾಸ್ತ್ರಕ್ಕೆಲ್ಲ ಹೊರಗು. ಗ್ಯಾರೇಜಿನ ಲೆಕ್ಕಪತ್ರ ನೋಡಿ ಸಂಜೆ ಏಳಕ್ಕೆ ಬಂದು, ಲುಂಗಿ ಕಟ್ಟಿ, ಎಡ್ಡಿಯನ್ನು ಆರಿಸಿ ನಾಲ್ಕೂ ಗುಂಡಿಗಳನ್ನು ಗಾಣ ತಿರುಗಿಸಿದ ಹಾಗೆ ಒತ್ತುತ್ತಿದ್ದರು. ಕಪೊಯೆರಾ ನೃತ್ಯದಂಥ ವಿದ್ಯೆ. ಹಾಗಾಗಿ ಎಡ್ಡಿ ಏನೂ ತಿಳಿಯದವನ ಕೈಯಲ್ಲೂ ಕಾಲು ಮೇಲೆ ತಲೆ ಕೆಳಗೆ ಮಾಡಿ ತಿರುಗುತ್ತಾ ಎದುರಿನವನನ್ನು ಕೆಡವಿಬಿಡುತ್ತಾನೆ. ಇದು ಲೋಕಪ್ರಸಿದ್ಧ ದೂರು. ಮಕ್ಕಳು ಎಡ್ಡಿಯನ್ನು ಮನೆಯಿಂದ ಬಹಿಷ್ಕರಿಸಬೇಕೆಂದು ನನ್ನ ಮುಂದೆ ಅರ್ಜಿ ಇಟ್ಟರು. ನಾನು ಒಪ್ಪಲಿಲ್ಲ. ದಿನವಿಡೀ ಇನ್ನೊಬ್ಬರ ಲೆಕ್ಕ ಸರಿಪಡಿಸುವವರಿಗೆ ಇಪ್ಪತ್ತು ನಿಮಿಷ ಲೆಕ್ಕವಿಲ್ಲದೆ ಒದೆಯುವ ಹಕ್ಕಿದೆ.

ಆಟವನ್ನು ನಾನು ಹೆಚ್ಚು ಆಡಲಿಲ್ಲ, ಹೆಚ್ಚು ನೋಡಿದೆ. ಅದರಲ್ಲಿ ನನಗೆ ಹೊಸದೇನೂ ಕಾಣದಿದ್ದುದಕ್ಕೆ ಕಾರಣ ನನ್ನ ಕೆಲಸ. ವಾರ್ಡಿನಲ್ಲಿ ರಾತ್ರಿಪಾಳಿಗೆ ಇಬ್ಬಿಬ್ಬರನ್ನು ಹಾಕುವಾಗ ನಮ್ಮ ಇನ್‌ಚಾರ್ಜ್ ಸಿಸ್ಟರ್, ಕೋಟ್ಟಯಂ ಕಡೆಯವರು, ಇದನ್ನೇ ಮಾಡುತ್ತಿದ್ದರು. ಕೈಚಳಕದ ಇಬ್ಬರನ್ನು ಒಟ್ಟಿಗೆ ಎಂದೂ ಹಾಕಿದವರಲ್ಲ. ನನಗೆ ಎಂಥ ಒಣಗಿದ ಕೈಯಲ್ಲೂ ನರ ಸಿಗುತ್ತದೆ, ಒಂದೇ ಚುಚ್ಚಿಗೆ ಸೂಜಿ ಕೂರಿಸುತ್ತೇನೆ. ಆದರೆ ಮಧ್ಯರಾತ್ರಿ ಗಾಬರಿಯಾಗಿ ಕೂಗಾಡುವ ಮುದುಕನನ್ನು ಸಮಾಧಾನ ಮಾಡುವುದು ನನ್ನ ಜಾಯಮಾನವಲ್ಲ. ನನ್ನ ಜೊತೆಗೆ ಇದ್ದ ಫಿಲಿಪ್ಪೀನ್ಸಿನ ಹುಡುಗಿಗೆ ಸೂಜಿ ಎಂದರೆ ಕೈ ನಡುಗುತ್ತಿತ್ತು, ಆದರೆ ಅವಳು ಹಾಸಿಗೆಯ ಪಕ್ಕ ಬಗ್ಗಿ ಮುರುಕು ಅರಬ್ಬಿಯಲ್ಲಿ ಎರಡು ಮಾತು ಹೇಳಿದರೆ ಮುದುಕ ನಿದ್ದೆ ಹೋಗುತ್ತಿದ್ದ. ಆರು ವರ್ಷ ನಾವಿಬ್ಬರೂ ಜೋಡಿ. ಬೆಳಿಗ್ಗೆ ಏಳಕ್ಕೆ ಹಗಲುಪಾಳಿಯವರಿಗೆ ಹ್ಯಾಂಡೋವರ್: ಯಾವ ಹಾಸಿಗೆ, ಏನು ಕೊಟ್ಟಾಯಿತು, ಏನು ಕೊಡಬೇಕು, ಯಾವುದರ ಮೇಲೆ ಕಣ್ಣಿರಲಿ. ಆಮೇಲೆ ಮನೆಯ ಬಾಗಿಲಲ್ಲಿ ಇನ್ನೊಂದು ಹ್ಯಾಂಡೋವರ್. ನಾನು ಒಳಗೆ ಬರುವುದು, ಇವರು ಹೊರಗೆ ಹೋಗುವುದು. "ಸಣ್ಣವನಿಗೆ ಕೆಮ್ಮು, ದೊಡ್ಡವ ಹಾಲು ಕುಡಿಯಲಿಲ್ಲ, ಗ್ಯಾಸ್ ಇವತ್ತು ಮುಗಿಯಬಹುದು." ಬೀಗದ ಕೈ ನನ್ನ ಅಂಗೈಗೆ. ಮಕ್ಕಳು ಇದಕ್ಕೂ ಟ್ಯಾಗ್ ಎಂದೇ ಹೆಸರಿಟ್ಟಿದ್ದರು. ವಾರದಲ್ಲಿ ನಾಲ್ಕು ದಿನ ನಾವು ಗಂಡಹೆಂಡತಿ ಮುಖಾಮುಖಿ ಮಾತಾಡುತ್ತಿದ್ದುದು ಆ ಎರಡು ನಿಮಿಷ.

ಕಂಟ್ರೋಲರುಗಳಲ್ಲಿ ಒಂದು ಕೆಟ್ಟುಹೋದ ಮೇಲೆ ಹುಡುಗರು ಮನೆಗೆಂದೇ ಒಂದು ನಿಯಮ ಮಾಡಿಕೊಂಡರು. ಯಂತ್ರದ ಎದುರು ಇಬ್ಬರೂ ಒಂದೇ ಪಕ್ಷ. ಪ್ರತಿಯೊಬ್ಬನಿಗೂ ಒಬ್ಬೊಬ್ಬ ಜಟ್ಟಿ. ಟ್ಯಾಗ್ ಒತ್ತಿದ ಕೂಡಲೇ ಕಂಟ್ರೋಲರ್ ಕೈಯಿಂದ ಕೈಗೆ. ದಾಟಿಸುವಾಗ ಅರ್ಧ ಸೆಕೆಂಡು ನಷ್ಟ, ಆ ಅರ್ಧ ಸೆಕೆಂಡಿನಲ್ಲಿ ಪೆಟ್ಟು ಬೀಳುತ್ತಿತ್ತು. ಹಾಗಾಗಿ ಯಾವಾಗ ಬಿಡಬೇಕು ಎನ್ನುವುದೇ ಅವರಿಬ್ಬರ ನಡುವಿನ ದೊಡ್ಡ ಜಗಳ. ದೊಡ್ಡವ ಬಿಡುವವನಲ್ಲ. ಇನ್ನೊಂದು ಪೆಟ್ಟು, ಇನ್ನೊಂದೇ ಪೆಟ್ಟು ಎಂದು ಕೊನೆಯ ಉಸಿರಿನವರೆಗೂ ಹಿಡಿದುಕೊಳ್ಳುತ್ತಿದ್ದ. ಸಣ್ಣವ ಪಕ್ಕದಲ್ಲಿ ಕೈ ಚಾಚಿ ಕೂತಿರುತ್ತಿದ್ದ. ಅವನು ಅಳುತ್ತಿದ್ದುದು ಸೋತದ್ದಕ್ಕಲ್ಲ. "ನನ್ನದು ತುಂಬಿತ್ತು, ಕೊಡಲೇ ಇಲ್ಲ" ಎಂದು.

2014ರ ರಜೆಯಲ್ಲಿ ಊರಿಗೆ ಹೋಗಿದ್ದೆವು. ಕಾರ್ಕಳದ ಹತ್ತಿರ ಇವರ ಮನೆ, ಅಲ್ಲಿಂದ ಗದ್ದೆ ದಾಟಿದರೆ ಕೋಟಿ ಚೆನ್ನಯರ ಗರಡಿ. ಬೇರೆ ಕಡೆ ಗರಡಿ ಎಂದರೆ ಸಾಮು ಮಾಡುವ ಜಾಗ. ನಮ್ಮ ತುಳುನಾಡಿನಲ್ಲಿ ಅದು ಆ ಅವಳಿ ವೀರರಿಗೆ ನಡೆದುಕೊಳ್ಳುವ ಸ್ಥಾನವೂ ಹೌದು. ಮಾವ ಮೊಮ್ಮಕ್ಕಳನ್ನು ಕೂರಿಸಿಕೊಂಡು ಪಾಡ್ದನದ ಕತೆ ಹೇಳಿದರು. ದೇಯಿ ಬೈದೆತಿಯ ಮಕ್ಕಳು. ಕೋಟಿ ಹಿರಿಯವ, ಸಮಾಧಾನಿ. ಚೆನ್ನಯನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಒಬ್ಬ ತಡೆಯುವವ, ಒಬ್ಬ ನುಗ್ಗುವವ. ಮಕ್ಕಳಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಎಣ್ಮೂರಿನ ಯುದ್ಧದಲ್ಲಿ ಕೋಟಿಗೆ ಬಾಣ ತಾಗಿ ಬೀಳುತ್ತಾನೆ. ಮಾವ ಹೇಳಿದ ಪಾಠದಲ್ಲಿ, ಮೈಗೆ ಒಂದು ಗಾಯವೂ ಆಗದ ಚೆನ್ನಯ ಅಣ್ಣ ಹೋದ ಮೇಲೆ ತಾನಿರುವುದಿಲ್ಲವೆಂದು ಕಲ್ಲಿಗೆ ತಲೆ ಜಜ್ಜಿಕೊಂಡು ಸಾಯುತ್ತಾನೆ.

"ಅಜ್ಜಾ, ಟ್ಯಾಗ್‌ನಲ್ಲೂ ಹಾಗೆಯೇ. ಒಬ್ಬ ಹೋದರೆ ಮುಗಿಯಿತು" ಎಂದ ಸಣ್ಣವ.

ಮಾವನಿಗೆ ಟ್ಯಾಗ್ ಎಂದರೆ ಏನೆಂದು ಇವರು ವಿವರಿಸಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆನ್ನಯ ಹೊರಗೆ ನಿಂತಿರಲಿಲ್ಲ ಮಗಾ, ಪಕ್ಕದಲ್ಲೇ ಇದ್ದ" ಎಂದರು. ಆಮೇಲೆ ಮಾತು ಕಂಬಳಕ್ಕೆ ಹೊರಳಿತು. ಮಾವನ ಯೌವನದಲ್ಲಿ ಆ ಮನೆಯಲ್ಲಿ ಓಟದ ಕೋಣಗಳಿದ್ದುವಂತೆ. ಕೋಣಗಳ ಜೋಡಿ ಮಾಡುವುದು ಬೇರೆಯೇ ಲೆಕ್ಕ, ಅವು ಒಂದೇ ಹೊತ್ತಿಗೆ ಒಂದೇ ಕೆಸರಿನಲ್ಲಿ ಓಡಬೇಕು. ಒಂದಕ್ಕೆ ವೇಗ ಒಂದಕ್ಕೆ ತಾಳ್ಮೆ ಎಂದು ಕಟ್ಟಿದರೆ ಎರಡೂ ಬೀಳುತ್ತವೆ ಎಂದರು. ಇದು ನನಗೆ ನೆನಪುಳಿಯಿತು. ಒಟ್ಟಿಗೆ ಓಡುವವರಿಗೆ ಸಮಜೋಡಿ ಬೇಕು. ಸರದಿಯಲ್ಲಿ ಓಡುವವರಿಗೆ ಬೇರೆ ಬೇರೆ ಗುಣ ಬೇಕು. ಮದುವೆಗೆ ಜಾತಕ ಕೂಡಿಸುವವರು ಇವೆರಡರಲ್ಲಿ ಯಾವುದನ್ನು ನೋಡುತ್ತಾರೋ ಕೇಳಬೇಕು ಎಂದುಕೊಂಡೆ, ಕೇಳಲಿಲ್ಲ.

2020ರ ಫೆಬ್ರವರಿ 24ರಂದು ಕುವೈತಿನಲ್ಲಿ ಮೊದಲ ಕೊರೋನಾ ಪ್ರಕರಣಗಳನ್ನು ಘೋಷಿಸಿದರು. ಶಾಲೆ ಮುಚ್ಚಿತು. ಮಾರ್ಚ್‌ನಲ್ಲಿ ರಾತ್ರಿ ಕರ್ಫ್ಯೂ, ಮೇ 10ರಿಂದ 30ರವರೆಗೆ ಪೂರ್ತಿ ಕರ್ಫ್ಯೂ. ದೊಡ್ಡವನ ಹನ್ನೆರಡನೆಯ ತರಗತಿಯ ಪರೀಕ್ಷೆ ನಡುವಿಗೇ ನಿಂತುಹೋಯಿತು. ನನ್ನನ್ನು ಕೊರೋನಾ ವಾರ್ಡಿಗೆ ಹಾಕಿದರು. ಮನೆಯಲ್ಲಿ ಇದ್ದ ಎರಡು ಕೋಣೆಗಳಲ್ಲಿ ಒಂದು ನನ್ನದಾಯಿತು. ಬಾಗಿಲು ಮುಚ್ಚಿಯೇ ಇರಬೇಕು, ತಟ್ಟೆ ಹೊರಗಿನ ಸ್ಟೂಲಿನ ಮೇಲೆ. ಬೀಗದ ಕೈ ಅಂಗೈಗೆ ಕೊಡುವ ಕ್ರಮ ಹೋಯಿತು. ಮುಖಕ್ಕೆ ಮಾಸ್ಕಿನ ಗೆರೆ ಬಿದ್ದು, ಪಿಪಿಇ ಕಿಟ್ಟಿನೊಳಗೆ ಬೆವರಿ, ಮನೆಗೆ ಬಂದು ಸ್ನಾನ ಮಾಡಿ ಮಲಗಿದರೆ ಗೋಡೆಯಾಚೆಯಿಂದ ಆಟದ ಸದ್ದು ಕೇಳುತ್ತಿತ್ತು.

ಇವರ ಗ್ಯಾರೇಜು ಏಪ್ರಿಲಿನಲ್ಲಿ ಮುಚ್ಚಿತು. ಕೆಲಸದಿಂದ ತೆಗೆಯಲಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಇಖಾಮಾ ಇದೆ, ಸಂಬಳವಿಲ್ಲ. ಗಲ್ಫಿನಲ್ಲಿ ಆ ವರ್ಷ ಈ ಸ್ಥಿತಿಯಲ್ಲಿದ್ದವರು ಲೆಕ್ಕವಿಲ್ಲದಷ್ಟು ಜನ, ಅವರಲ್ಲಿ ಇವರೂ ಒಬ್ಬರು. ಒಂದು ತಿಂಗಳು, ಎರಡು ತಿಂಗಳು ಎಂದುಕೊಂಡದ್ದು ಹದಿನಾಲ್ಕು ತಿಂಗಳಾಯಿತು. ಇವರು ಅಡುಗೆ ಕಲಿತರು. ನೀರುದೋಸೆ ಮೊದಲ ವಾರ ಸುಕ್ಕಿನಂತೆ, ಮೂರನೆಯ ವಾರ ಕರ್ಚೀಫಿನಂತೆ ಬಂತು. ಸಣ್ಣವನ ಆನ್‌ಲೈನ್ ತರಗತಿಗೆ ಪಕ್ಕದಲ್ಲಿ ಕೂತರು. ತರಕಾರಿಯನ್ನು ಉಪ್ಪುನೀರಿನಲ್ಲಿ ತೊಳೆದು ಒರೆಸಿಟ್ಟರು. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ದುಡಿದ ಗಂಡಸು ಬೆಳಿಗ್ಗೆ ಎಂಟು ಗಂಟೆಗೆ ಇಸ್ತ್ರಿ ಮಾಡಿದ ಶರ್ಟು ಹಾಕಿ, ಆಮೇಲೆ ಹೋಗುವ ಜಾಗವಿಲ್ಲದೆ ಅದನ್ನೇ ಹಾಕಿಕೊಂಡು ಈರುಳ್ಳಿ ಹೆಚ್ಚುವುದನ್ನು ಬಾಗಿಲ ಸಂದಿಯಿಂದ ನೋಡಿದ್ದೇನೆ.

ಊರಿನ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ. "ಅವರಿಗೆ ಈಗ ಎಂತ ಕೆಲಸ?" ನನ್ನ ಅಕ್ಕ ಕೇಳಿದಳು, ಅತ್ತೆ ಕೇಳಿದರು, ಕಡೆಗೆ ಹಾಲಿನ ಡೈರಿಯವರೂ ಕೇಳಿದರಂತೆ. ಒಂದು ಸಂಜೆ ನನ್ನ ಅಮ್ಮನ ಕರೆ ಬಂದಾಗ ಫೋನು ಹಾಲ್‌ನಲ್ಲಿತ್ತು, ಸ್ಪೀಕರಿನಲ್ಲಿ. ಅಮ್ಮ ಮೆಲ್ಲಗೆ ಕೇಳುವವಳಲ್ಲ. ಇವರೇ ಉತ್ತರ ಕೊಟ್ಟರು: "ನಾನು ಹೊರಗೆ ನಿಂತಿದ್ದೇನೆ ಅತ್ತೆ. ತುಂಬ್ತಾ ಉಂಟು." ಅಮ್ಮನಿಗೆ ಏನು ತಿಳಿಯಿತೋ, "ಹಾಗಾದರೆ ಸರಿ" ಎಂದಳು. ಹುಡುಗರು ಬಿದ್ದು ಬಿದ್ದು ನಕ್ಕರು. ನಾನು ಮುಚ್ಚಿದ ಬಾಗಿಲ ಈಚೆ ಮಂಚದ ಮೇಲೆ ಕೂತಿದ್ದೆ. ನನಗೆ ನಗು ಬರಲಿಲ್ಲ. ಪೂರ್ತಿ ತುಂಬುವುದಿಲ್ಲ, ಒಂದು ಪಾಲು ಮಾತ್ರ ಎಂದು ಅವರಿಗೂ ಗೊತ್ತಿತ್ತು.

ಆ ದಿನಗಳಲ್ಲೇ ಇವರು ಎಡ್ಡಿಯನ್ನು ಬಿಟ್ಟರು. ಯಾರೂ ಹೇಳಲಿಲ್ಲ. ಒಂದು ರಾತ್ರಿ ಗೋಡೆಯಾಚೆಯಿಂದ ಗುಂಡಿಗಳ ಗಾಣದ ಸದ್ದು ನಿಂತು, ನಡುನಡುವೆ ಒಂದು, ಎರಡು, ಬಿಟ್ಟು ಬಿಟ್ಟು ಕೇಳತೊಡಗಿತು. ದೊಡ್ಡವ ಇವರಿಗೆ ಪಿಲಿಯನ್ನು ಕಲಿಸುತ್ತಿದ್ದ. "ಅಪ್ಪಾ, ನೀವು ಹೊಡೆಯಬೇಡಿ, ಹತ್ತಿರ ಬರ್ಲಿಕ್ಕೆ ಬಿಡಿ." "ಬಂದ್ರೆ?" "ಹಿಡಿಯಿರಿ." "ಕೂತ್ರೆ?" "ಆಗ ತಮ್ಮನಿಗೆ ಕೊಡಿ." ಜೀವಮಾನವಿಡೀ ಅವಸರದಲ್ಲೇ ಇದ್ದ ದೊಡ್ಡವ ಅಪ್ಪನಿಗೆ ಕಾಯುವುದನ್ನು ಹೇಳಿಕೊಡುತ್ತಿದ್ದ. ಅವನಿಗೆ ಅದು ಯಾವಾಗ ಬಂತೋ! ತಮ್ಮನ ಕೈಯಲ್ಲಿ ನಾಲ್ಕಾರು ವರ್ಷ ಪೆಟ್ಟು ತಿಂದು ಬಂದಿರಬೇಕು. ಕಂಟ್ರೋಲರ್ ಮೂವರ ನಡುವೆ ಓಡಾಡುತ್ತಿತ್ತು. ಕಿಂಗ್ ಜೊತೆಗೆ ಆರ್ಮರ್ ಕಿಂಗ್ ಎಂಬ ಇನ್ನೊಬ್ಬ ಮುಖವಾಡದವನನ್ನು ಜೋಡಿ ಮಾಡಿದರೆ ಇಬ್ಬರೂ ಸೇರಿ ಎದುರಾಳಿಯನ್ನು ಎತ್ತಿಹಾಕುವ ಒಂದು ವಿಶೇಷ ಪಟ್ಟು ಸಿಗುತ್ತದೆ. ಅದು ಬಿದ್ದಾಗಲೆಲ್ಲ ಮೂವರೂ ಕೂಗುವರು, ಆ ಕೂಗಿಗೆ ನನ್ನ ಸಮಯ ಗೊತ್ತಾಗುತ್ತಿತ್ತು: ಹತ್ತೂವರೆ ಆಗಿರಬೇಕು, ಇನ್ನು ಮಲಗುತ್ತಾರೆ.

ಆ ವರ್ಷದ ಕೊನೆಗೆ ದೊಡ್ಡವ ಎಂಜಿನಿಯರಿಂಗಿಗೆಂದು ಊರಿಗೆ ಹೋದ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಹನ್ನೆರಡು ಮುಗಿದ ಕೂಡಲೇ ಹೊರಡುವುದು ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳ ಕ್ರಮ. ಅವರಿಗೆ ಅದು ಊರಿಗೆ ವಾಪಸು ಹೋಗುವುದಲ್ಲ, ಪರದೇಶಕ್ಕೆ ಹೋಗುವುದೇ. ಹೊರಡುವ ಮುನ್ನಾ ರಾತ್ರಿ ಅಣ್ಣ ತಮ್ಮ ಒಂದು ಗಂಟೆಯವರೆಗೂ ಆಡಿದರು. ನಾನು ಬೇಡ ಎನ್ನಲಿಲ್ಲ.

ಸಣ್ಣವ ಆಮೇಲೆ ಟೆಕ್ಕೆನ್ 7ಕ್ಕೆ ಹೋದ. ಅಷ್ಟರಲ್ಲಿ ಇವರಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು, ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 4 ರಿಹಾಬಿನಿಂದಲೇ ಬಂತು. ಅದರಲ್ಲಿ ಟ್ಯಾಗ್ ಇಲ್ಲ; ಒಬ್ಬನೇ ಹೋಗಬೇಕು, ಒಬ್ಬನೇ ಬೀಳಬೇಕು. ಅದರಲ್ಲಿ ಸೌದಿಯ ಶಾಹೀನ್ ಎಂಬ ಜಟ್ಟಿ ತಲೆಗೆ ಗುತ್ರಾ, ಅದರ ಮೇಲೆ ಕಪ್ಪು ಅಗಾಲ್ ಧರಿಸಿ ಬರುತ್ತಾನೆ. ರಸ್ತೆಯಲ್ಲಿ ದಿನಾ ಕಾಣುವ ಉಡುಪಿನವನು ಟೀವಿಯಲ್ಲಿ ಕಾಲೆತ್ತುವುದನ್ನು ಕಂಡು ಸಣ್ಣವನಿಗೆ ಖುಷಿ. ಲಾಹೋರಿನ ಅರ್ಸಲಾನ್ ಆಶ್ 2019ರಲ್ಲಿ ಜಪಾನಿನ ಈವೋ, ಅಮೆರಿಕದ ಈವೋ ಎರಡನ್ನೂ ಇದೇ ಆಟದಲ್ಲಿ ಗೆದ್ದಾಗ ನಮ್ಮ ಮೂರನೆಯ ಮಹಡಿಯ ಪಾಕಿಸ್ತಾನಿ ಹುಡುಗರು ಮೆಟ್ಟಿಲಲ್ಲಿ ನಿಂತು ಮಿಠಾಯಿ ಹಂಚಿದ್ದರು; ಸಣ್ಣವ ಈಗ ಅವರ ಜೊತೆಗೇ ಆಡತೊಡಗಿದ. ಒಬ್ಬನೇ ಆಡುವಾಗ ಎಂಥವನನ್ನು ಆರಿಸುತ್ತೀ ಎಂದು ಒಮ್ಮೆ ಕೇಳಿದೆ. "ಎಲ್ಲ ಸ್ವಲ್ಪ ಸ್ವಲ್ಪ ಬರುವವನನ್ನು" ಎಂದ. ಯಾವುದೂ ಹೆಚ್ಚಿಲ್ಲ, ಯಾವುದೂ ಕಡಿಮೆಯಿಲ್ಲ. ಹಾಸ್ಟೆಲಿಗೆ ಹೋದ ದೊಡ್ಡವ ಬಟ್ಟೆ ಒಗೆಯುವುದು, ಬ್ಯಾಂಕಿಗೆ ಹೋಗುವುದು, ಜ್ವರಕ್ಕೆ ತಾನೇ ಗಂಜಿ ಮಾಡುವುದು ಕಲಿತು ಫೋನಿನಲ್ಲಿ ವರದಿ ಕೊಡುತ್ತಿದ್ದ ಕಾಲ ಅದು.

2023ರಲ್ಲಿ ಸಣ್ಣವನೂ ಹೋದ. ಪ್ಲೇಸ್ಟೇಷನ್ 4 ಅವನ ಜೊತೆಗೆ ಹೋಯಿತು. ಹಳೆಯದು ಟೀವಿಯ ಕೆಳಗೆ ಉಳಿದಿದೆ. ನಾನು ಈಗ ಹಗಲುಪಾಳಿ. ವಾರದಲ್ಲಿ ಏಳೂ ರಾತ್ರಿ ನಾವಿಬ್ಬರೂ ಮನೆಯಲ್ಲಿ, ಇದು ನಮಗೆ ಮದುವೆಯಾದ ಮೇಲೆ ಹೊಸದು. ಮೊದಲ ಕೆಲವು ತಿಂಗಳು ಒಬ್ಬರ ದಾರಿಗೆ ಒಬ್ಬರು ಅಡ್ಡ ಬರುತ್ತಿದ್ದೆವು. ಅಡುಗೆಮನೆಯಲ್ಲಿ ಇಬ್ಬರು ಅಡುಗೆಯವರು. ಕಂಬಳದ ಕೋಣಗಳ ಲೆಕ್ಕ ಈಗ ಕಲಿಯಬೇಕಾಗಿದೆ ಎಂದು ಇವರಿಗೆ ಹೇಳಿದೆ. ಅವರು ಒಗ್ಗರಣೆಗೆ ಸಾಸಿವೆ ಹಾಕುತ್ತಾ ತಲೆಯಾಡಿಸಿದರು.

ಶುಕ್ರವಾರ ಊಟವಾದ ಮೇಲೆ ಒಮ್ಮೊಮ್ಮೆ ಹಳೆಯ ಡಿಸ್ಕ್ ಹಾಕುತ್ತೇವೆ. ಕಂಟ್ರೋಲರ್ ಒಂದೇ. ಇವರದು ಪಿಲಿ, ಬೇರೆ ಮಾತಿಲ್ಲ. ನನ್ನ ಆಯ್ಕೆಗೆ ಹೊತ್ತು ಬೇಕು, ಆ ಮುಖಗಳ ಸಾಲಿನ ಮೇಲೆ ಎರಡು ಸಲ ಹೋಗಿ ಬರುತ್ತೇನೆ. ಹ್ವೊರಾಂಗ್ ವೇಗದವ, ಆದರೆ ನನ್ನ ಬೆರಳಿಗೆ ಸಿಗುವುದಿಲ್ಲ. ಲಾ ಆಗಬಹುದು. ಕೊನೆಗೆ ಪಾಲ್‌ನಲ್ಲಿ ನಿಲ್ಲುತ್ತೇನೆ, ಪಿಲಿಗೆ ಹೆದರಿ ಕೂತವನನ್ನು ಎತ್ತಲು. ಕಳೆದ ವಾರ ಇವರು ಹೊಡೆತ ತಿಂದು ತಿಂದು ಪಟ್ಟಿ ಬೆರಳಗಲಕ್ಕೆ ಇಳಿದಿತ್ತು. ನನ್ನವನದು ಮಿನುಗುತ್ತಿತ್ತು. ನಾನು ಕೈ ಚಾಚಿದೆ.

"ಇನ್ನೊಂದು ಪಟ್ಟು ಉಂಟು," ಎಂದರು ಇವರು, ಟೀವಿಯಿಂದ ಕಣ್ಣು ತೆಗೆಯದೆ.

"ಕೊಡಿ ಇಲ್ಲಿ," ಎಂದೆ.

ಕೊಟ್ಟರು. ಕಂಟ್ರೋಲರ್ ಬಿಸಿಯಾಗಿತ್ತು, ಅಂಗೈ ಬೆವರಿಗೆ ಸ್ವಲ್ಪ ಜಾರುತ್ತಿತ್ತು. ಎದುರಿನವನು ಬಗ್ಗಿ ಕುಳಿತಿದ್ದ.